ಕೊನೆಯ ದೋಸೆ

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಬೆಳಿಗ್ಗೆ ಎಂಟರಿಂದ ಹತ್ತು ಗಂಟೆಯೊಳಗೆ ಇಬ್ಬರು ಪರಿಚಿತರು ದಾರಿಯಲ್ಲಿ ಎದುರಾದರೆಂದರೆ, ಮೊದಲು ಹೊರಡುವ ಪ್ರಶ್ನೆ ‘ತಿಂಡಿ ಆಯಿತೇ?’ ಎಂಬುದು. ಕ್ಷೇಮಸಮಾಚಾರವೆಲ್ಲ ಆಮೇಲೆ. ಆಯಿತೆಂದು ಉತ್ತರ ಬಂದರೆ ಕೂಡಲೇ ಎರಡನೆಯ ಪ್ರಶ್ನೆ: ‘ಏನು ತಿಂಡಿ?’ ಮಸಾಲೆದೋಸೆ ಎಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ಅಸೂಯೆಯ ಛಾಯೆ. ಉಪ್ಪಿಟ್ಟು ಎಂದರೆ ಅಪಾರ ಸಹಾನುಭೂತಿ. ಉಪ್ಪಿಟ್ಟನ್ನು ‘ಕಾಂಕ್ರೀಟು’ ಎಂದು ಕರೆದ ಹಾಸ್ಟೆಲಿನ ಹುಡುಗರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಬಿಸಿಯಾಗಿ, ಉದುರುದುರಾಗಿ, ಮೇಲೆ ನಾಲ್ಕು ಹನಿ ನಿಂಬೆರಸ ಬಿದ್ದ ಉಪ್ಪಿಟ್ಟಿನ ಮಹಿಮೆಯನ್ನು ಬಲ್ಲವನೇ ಬಲ್ಲ. ಅದಿರಲಿ.

ಊಟವೆಂಬುದು ಒಂದು ಕರ್ತವ್ಯ. ಹೊತ್ತಿಗೆ ಸರಿಯಾಗಿ ಅನ್ನ, ಸಾರು, ಹುಳಿ, ಮೊಸರು ಕ್ರಮವಾಗಿ ಬರುತ್ತವೆ, ಕ್ರಮವಾಗಿ ಹೋಗುತ್ತವೆ. ತಿಂಡಿಗಾದರೋ ಒಂದು ಕುತೂಹಲವಿದೆ. ಹಾಸಿಗೆಯಲ್ಲಿ ಇನ್ನೂ ಅರೆನಿದ್ರೆಯಲ್ಲಿರುವಾಗಲೇ ಅಡುಗೆಮನೆಯಿಂದ ತೇಲಿಬರುವ ಸದ್ದುಗಳಿಂದ ಇಂದು ಏನೆಂಬುದನ್ನು ಊಹಿಸುವ ಆನಂದವನ್ನು ಬಣ್ಣಿಸುವುದು ಕಷ್ಟ. ಸಾಸಿವೆ ಚಟಪಟನೆ ಸಿಡಿದು, ಹಿಂದೆಯೇ ರವೆ ಹುರಿದ ಕಂಪು ಬಂದರೆ ಒಂದು ಬಗೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ‘ಚುಂಯ್’ ಎಂಬ ನಾದ ಕೇಳಿದರೆ ಮತ್ತೊಂದು ಬಗೆ. ಈ ಎರಡನೆಯ ಸದ್ದಿಗೆ ಹಾಸಿಗೆ ಬಿಟ್ಟೇಳದ ಹುಡುಗನನ್ನು ನಾನು ಇದುವರೆಗೆ ಕಂಡಿಲ್ಲ.

ನಮ್ಮ ನಾಡಿನ ಭೂಪಟವನ್ನು ಶಾಲೆಯ ಮಕ್ಕಳಿಗೆ ತಿಂಡಿಯ ಮೂಲಕವೇ ಕಲಿಸಬಹುದೆಂದು ನನಗೆ ಎಷ್ಟೋ ಸಲ ತೋರಿದೆ. ಮಲೆನಾಡಿಗೆ ಹೋದರೆ ಅಕ್ಕಿರೊಟ್ಟಿ, ಕಡುಬು; ಘಟ್ಟವಿಳಿದರೆ ನೀರುದೋಸೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಬಾಳೆಹಣ್ಣಿನ ಬನ್ಸು; ಕೊಡಗಿನಲ್ಲಿ ನೂಪುಟ್ಟು, ಪಾಪುಟ್ಟು; ದಾವಣಗೆರೆಯಲ್ಲಿ ಬೆಣ್ಣೆದೋಸೆ ಮತ್ತು ಮಂಡಕ್ಕಿಯ ಒಗ್ಗರಣೆ; ಧಾರವಾಡದ ಕಡೆ ತಿಂಡಿಯ ಹೆಸರೇ ಬದಲಾಗಿ ‘ನಾಷ್ಟಾ’ ಆಗುತ್ತದೆ, ಅವಲಕ್ಕಿಯೋ ಚುರುಮುರಿಯ ಸುಸಲಾವೋ ಮುಂದೆ ಬರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಬಿಡದಿಯಲ್ಲಿ ತಟ್ಟೆಇಡ್ಲಿಗಾಗಿ ಇಳಿಯದೆ ಹೋದರೆ ಏನನ್ನೋ ಮರೆತು ಬಂದವರಂತೆ ಚಡಪಡಿಸುತ್ತಾರೆ.

ಇದು ಇಂದು ನಿನ್ನೆಯ ವ್ಯಾಮೋಹವೂ ಅಲ್ಲ. ಹತ್ತನೆಯ ಶತಮಾನದ್ದೆಂದು ಪಂಡಿತರು ಹೇಳುವ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬಂದಿದೆ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ವಿಧಾನವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಎಂದರೆ ಸುಮಾರು 1130ರ ಹೊತ್ತಿಗೆ, ದೋಸೆಯ ಪೂರ್ವಜನೂ ಕಾಣಿಸಿಕೊಳ್ಳುತ್ತಾನೆ. ಅಂದಿನ ಇಡ್ಡಲಿಗೆ ಇಂದಿನ ಇಡ್ಲಿಯಂತೆ ಇರಲಿಲ್ಲವೆಂದು ಬಲ್ಲವರು ತಕರಾರು ತೆಗೆಯುವುದುಂಟು. ಅದರಲ್ಲಿ ಅಕ್ಕಿಯ ಸುದ್ದಿಯೇ ಇಲ್ಲವಂತೆ. ಇಲ್ಲದಿದ್ದರೇನು? ಸಾವಿರ ವರ್ಷದಲ್ಲಿ ಮನುಷ್ಯನೇ ಇಷ್ಟು ಬದಲಾಗಿರುವಾಗ ಇಡ್ಲಿ ಬದಲಾಗಬಾರದೇ? ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿ, ಎಲ್ಲೆಲ್ಲೂ ಅಕ್ಕಿಗೆ ತತ್ವಾರವಾಯಿತು. ಆ ಕಾಲದಲ್ಲಿ ಅಕ್ಕಿಯ ಬದಲು ರವೆ ಹಾಕಿ ನೋಡಿದುದರಿಂದಲೇ ರವೆಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನವರು ಹೇಳುತ್ತಾರೆ. ಯುದ್ಧದಿಂದ ಲೋಕಕ್ಕೆ ಆದ ಒಳಿತುಗಳ ಪಟ್ಟಿ ಬಹಳ ಚಿಕ್ಕದು. ರವೆಇಡ್ಲಿಯನ್ನು ಅದರಲ್ಲಿ ಸೇರಿಸಬಹುದು.

ಇನ್ನು ಹಿಟ್ಟು ಹುಳಿಯುವ ಬೆರಗು. ರಾತ್ರಿ ಮಲಗುವಾಗ ಅರ್ಧ ಪಾತ್ರೆಯಷ್ಟಿದ್ದ ಹಿಟ್ಟು ಬೆಳಗಾಗುವಷ್ಟರಲ್ಲಿ ಕಂಠದವರೆಗೆ ಏರಿ ನಿಂತಿರುತ್ತದೆ. ಬೇಳೆಯಲ್ಲಿಯೂ ಅಕ್ಕಿಯಲ್ಲಿಯೂ ತಾವಾಗಿಯೇ ಇರುವ ಸೂಕ್ಷ್ಮಜೀವಿಗಳು ರಾತ್ರಿಯಿಡೀ ದುಡಿದು ಅನಿಲವನ್ನು ಹುಟ್ಟಿಸುತ್ತವೆ. ಉದ್ದಿನ ಲೋಳೆ ಅದನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅದರಿಂದಲೇ ಹಿಟ್ಟು ಉಬ್ಬುವುದು. ಚಳಿಯಲ್ಲಿ ಆ ಜೀವಿಗಳಿಗೂ ಸೋಮಾರಿತನ. ಆದಕಾರಣವೇ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮಜ್ಜಿ ಹಿಟ್ಟಿನ ಪಾತ್ರೆಯನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ, ಒಲೆಯ ಪಕ್ಕದಲ್ಲಿ ಬೆಚ್ಚಗೆ ಇರಿಸುತ್ತಿದ್ದರು.

ಓದುಗರು ಬೇಸರಗೊಳ್ಳಬಾರದು. ನಾನು ಹೇಳಹೊರಟದ್ದು ಈ ಪುರಾಣವನ್ನಲ್ಲ. ಇಡ್ಲಿಗೂ ದೋಸೆಗೂ ಹಿಟ್ಟು ಬಹುಮಟ್ಟಿಗೆ ಒಂದೇ ಕುಲದ್ದಾದರೂ, ಮನೆಯೊಳಗಿನ ನಡವಳಿಕೆಯಲ್ಲಿ ಇವೆರಡಕ್ಕೂ ಒಂದು ಮಹದಂತರವಿದೆ. ಅದನ್ನು ಎಪ್ಪತ್ತು ವರ್ಷ ದೋಸೆ ತಿಂದೂ ನಾನು ಗಮನಿಸಿರಲಿಲ್ಲ.

ಇಡ್ಲಿಯನ್ನು ಒಮ್ಮೆ ಒಲೆಯ ಮೇಲೆ ಇಟ್ಟರೆ ಹನ್ನೆರಡೋ ಹದಿನಾರೋ ಒಟ್ಟಿಗೆ ಬೇಯುತ್ತವೆ. ಮುಚ್ಚಳ ತೆಗೆದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತಿನ್ನಬಹುದು. ದೋಸೆಯ ಜಾತಿ ಬೇರೆ. ಅದು ಒಂದೊಂದಾಗಿ ಬರತಕ್ಕದ್ದು. ಬಂದ ಕೂಡಲೇ ತಿನ್ನತಕ್ಕದ್ದು. ಐದು ಜನರಿಗೆ ತಲೆಗೆ ಮೂರರಂತೆ 15 ದೋಸೆ. ಒಂದಕ್ಕೆ ಎರಡೂವರೆ ನಿಮಿಷವೆಂದರೂ ಹತ್ತಿರಹತ್ತಿರ 40 ನಿಮಿಷ ಒಬ್ಬರು ಕಾವಲಿಯ ಮುಂದೆ ನಿಂತಿರಲೇಬೇಕು. ಆ ಒಬ್ಬರು ಯಾರು? ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಕೇಳುವುದಿಲ್ಲ.

1963ರ ಮಾತು. ನನಗೆ ಆಗ ಒಂಬತ್ತು ವರ್ಷ. ನಮ್ಮ ತಂದೆ ನಮ್ಮನ್ನೆಲ್ಲ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆಂದು ಬೆಂಗಳೂರಿಗೆ ಕರೆತಂದರು. ಹೂವುಗಳನ್ನು ನೋಡಿ ಕಾಲು ಸೋತ ಮೇಲೆ ಒಂದು ಹೋಟೆಲಿಗೆ ಹೋದೆವು. ಸಂಸಾರವಂದಿಗರಿಗೆಂದು ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮು’ಗಳು ಅಂದಿನ ಹೋಟೆಲುಗಳಲ್ಲಿ ಇರುತ್ತಿದ್ದುವು. ಮಸಾಲೆದೋಸೆಗಳು ಬಂದವು. ಅಮ್ಮ ತನ್ನ ಮುಂದೆ ಇಟ್ಟ ತಟ್ಟೆಯನ್ನು ಅಭ್ಯಾಸಬಲದಿಂದ ನನ್ನ ಕಡೆಗೆ ಸರಿಸಿ, ‘ತಿನ್ನು ಮಗು, ಬಿಸಿಯಾಗಿದೆ’ ಎಂದಳು. ಸಪ್ಲೈಯರ್ ನಕ್ಕು, ‘ಅದು ನಿಮ್ಮದೇ ಅಮ್ಮ, ಮಗುವಿನದು ಇಲ್ಲಿದೆ’ ಎಂದು ಮತ್ತೊಂದನ್ನು ಇಟ್ಟ. ಅಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, ಬಹಳ ನಿಧಾನವಾಗಿ, ಒಂದು ಮಾತೂ ಆಡದೆ ತಿಂದಳು. ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪ, ‘ಹೂವೆಲ್ಲ ಹೇಗಿತ್ತೇ?’ ಎಂದು ಕೇಳಿದರು. ‘ಚೆನ್ನಾಗಿತ್ತು. ದೋಸೆ ಬಹಳ ಗರಿಗರಿಯಾಗಿತ್ತು’ ಎಂದಳು. ನಾವೆಲ್ಲ ನಕ್ಕುಬಿಟ್ಟೆವು. ಹೋಟೆಲಿನವರ ಕೈಗುಣವನ್ನು ಹೊಗಳುತ್ತಿದ್ದಾಳೆಂದು ನಾನು ತಿಳಿದಿದ್ದೆ. ಅಮ್ಮ ಹೋಗಿ ಈಗ ಇಪ್ಪತ್ತೆರಡು ವರ್ಷ. ಆ ಮಾತಿನ ಅರ್ಥ ನನಗೆ ಹೊಳೆದುದು ಹೋದ ತಿಂಗಳು.

ಹೋದ ತಿಂಗಳು ನನ್ನ ಶ್ರೀಮತಿ ಹಿತ್ತಲಿನ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಮೂರು ವಾರ ನಿಲ್ಲಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮಕ್ಕಳು ದೂರದೂರದ ಊರುಗಳಲ್ಲಿದ್ದಾರೆ. ನಾಲ್ಕು ದಿನ ಹೋಟೆಲಿನ ಪೊಟ್ಟಣಗಳಲ್ಲಿ ಕಾಲ ಕಳೆದೆವು. ಐದನೆಯ ದಿನ ನನ್ನೊಳಗೆ ವೀರಾವೇಶ ಉಂಟಾಯಿತು. ‘ನಾಳೆ ನಾನೇ ದೋಸೆ ಹುಯ್ಯುತ್ತೇನೆ’ ಎಂದೆ.

ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಸೇನಾಪತಿಯಂತೆ ಕುಳಿತಳು. ಅವಳ ಅಪ್ಪಣೆಯಂತೆ ಅಕ್ಕಿ, ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಎಲ್ಲವೂ ನೆನೆದು, ರುಬ್ಬಿಸಿಕೊಂಡು, ರಾತ್ರಿಯೆಲ್ಲ ಹುಳಿದು, ಬೆಳಿಗ್ಗೆ ಸಿದ್ಧವಾಗಿದ್ದುವು. ಕಾವಲಿಗೆ ಎಣ್ಣೆ ಹಚ್ಚಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಒಂದು ಸೌಟು ಹಿಟ್ಟು ಹುಯ್ದು ಸುತ್ತಿದೆ. ಕರ್ನಾಟಕದ ಭೂಪಟದಂತೆ ಏನೋ ಒಂದು ಆಕೃತಿ ಮೂಡಿತು. ಮಗುಚುವ ಕೈ ಹಾಕಿದರೆ ಅದು ಕಾವಲಿಯನ್ನು ಬಿಟ್ಟು ಬರಲೊಲ್ಲದು. ಕೆರೆದು ತೆಗೆದಾಗ ನಾಲ್ಕು ತುಂಡು.

‘ಮೊದಲನೇದು ಹಾಗೇನೇ ರೀ. ಕಾವಲಿ ಇನ್ನೂ ಹದಕ್ಕೆ ಬಂದಿರೋಲ್ಲ. ಇಲ್ಲಿ ಕೊಡಿ’ ಎಂದು ಅವಳು ಕೈ ಚಾಚಿದಳು.

‘ನಿನಗೇಕೆ ಇದು?’

‘ಮತ್ತೆ? ಮೊದಲನೇದು ಯಾವಾಗಲೂ ನಾನೇ ತಿನ್ನೋದು. ಎಸೆಯೋಕಾಗುತ್ತ್ಯೆ?’

ನಾನು ಬೆಪ್ಪನಂತೆ ನಿಂತೆ. ಮದುವೆಯಾಗಿ ನಲವತ್ತೊಂದು ವರ್ಷ. ಮೊದಲ ದೋಸೆ ಕೆಡುತ್ತದೆಂಬ ಸಂಗತಿಯೇ ನನಗೆ ಗೊತ್ತಿರಲಿಲ್ಲ. ಕೆಟ್ಟದ್ದು ನನ್ನ ತಟ್ಟೆಗೆ ಒಂದು ದಿನವೂ ಬಂದಿರಲಿಲ್ಲ. ಆ ನಾಲ್ಕು ತುಂಡನ್ನೂ ನಾನೇ ನಿಂತಲ್ಲಿಯೇ ಬಾಯಿಗೆ ಹಾಕಿಕೊಂಡೆ. ಎರಡನೆಯದು ಸುಮಾರಾಗಿ ಬಂತು. ಮೂರನೆಯದು, ಆತ್ಮಪ್ರಶಂಸೆಯ ದೋಷವನ್ನು ಓದುಗರು ಮನ್ನಿಸಬೇಕು, ಬಹಳ ಚೆನ್ನಾಗಿ ಬಂತು. ಅಂಚಿನಲ್ಲಿ ಹೊಂಬಣ್ಣ, ನಡುವೆ ಸಣ್ಣ ಸಣ್ಣ ಕಣ್ಣುಗಳು. ಅದನ್ನು ತಟ್ಟೆಗೆ ಹಾಕಿ, ಬೆಣ್ಣೆ ಇಟ್ಟು, ಅವಳ ಕೈಗೆ ಕೊಟ್ಟೆ.

ತಿನ್ನಲು ಅವಳಿಗೆ ಬರಲಿಲ್ಲ. ‘ನಿಮಗಾಗಲಿ’ ಎಂದಳು. ‘ಆರಿಹೋಗುತ್ತೆ, ತಿನ್ನು’ ಎಂದೆ. ಒಂದು ಚೂರು ಮುರಿದಳು. ಉರಿ ಹೆಚ್ಚಾಯಿತೆಂದು ಏಳಹೋದಳು. ‘ಕೂತ್ಕೋ’ ಎಂದೆ. ಎರಡನೆಯ ಚೂರು ಮುರಿದಳು. ಚಟ್ನಿಯ ಬಟ್ಟಲು ದೂರವಿದೆಯೆಂದು ಮತ್ತೆ ಏಳಹೋದಳು. ನಾನು ಬಟ್ಟಲನ್ನು ತಂದು ಅವಳ ಪಕ್ಕದಲ್ಲಿಟ್ಟೆ. ಆಮೇಲೆ ತಿಂದಳು. ನಮ್ಮಮ್ಮ ತಿಂದಂತೆಯೇ ನಿಧಾನವಾಗಿ, ತಲೆ ತಗ್ಗಿಸಿಕೊಂಡು, ಮಾತಿಲ್ಲದೆ. ಮುಗಿದ ಮೇಲೆ, ‘ಉಪ್ಪು ಒಂಚೂರು ಕಡಿಮೆ. ಗರಿಗರಿಯಾಗಿದೆ’ ಎಂದಳು. ನಾನು ಕಾವಲಿಯ ಕಡೆಗೆ ತಿರುಗಿಕೊಂಡೆ.

ಅವಳಿಗೆ ಮೂರು ಹಾಕಿದೆ. ಕೆಳಗಿನ ಮನೆಯ ಹುಡುಗನೊಬ್ಬ ವಾಸನೆ ಹಿಡಿದು ಬಂದ, ಅವನಿಗೆ ಮೂರು. ಅಷ್ಟರಲ್ಲಿ ಪಾತ್ರೆಯ ತಳ ಕಂಡಿತು. ಅಂಟಿಕೊಂಡಿದ್ದ ಹಿಟ್ಟಿಗೆ ಸ್ವಲ್ಪ ನೀರು ಹಾಕಿ ತೊಳೆದು ಕೊನೆಯ ದೋಸೆ ಹುಯ್ದೆ. ತೆಳ್ಳಗೆ, ಬಿಳಿಚಿಕೊಂಡು, ಅಂಗೈಯಗಲ ಬಂತು. ಒಲೆ ಆರಿಸಿ, ಕಾವಲಿ ಇಳಿಸಿ, ಕಟ್ಟೆ ಒರೆಸುವಷ್ಟರಲ್ಲಿ ಅದು ತಣ್ಣಗಾಗಿತ್ತು. ತಟ್ಟೆ ಹಿಡಿದು ನೋಡಿದರೆ ಬಟ್ಟಲಿನಲ್ಲಿ ಚಟ್ನಿಯಿಲ್ಲ.

‘ಚಟ್ನಿ ಮುಗಿದುಹೋಯಿತಲ್ಲೇ?’ ಎಂದೆ.

‘ಕೊನೇಲಿ ಯಾವಾಗಲೂ ಮುಗಿದಿರುತ್ತೆ ರೀ. ಉಪ್ಪಿನಕಾಯಿ ಹಾಕ್ಕೊಳ್ಳಿ’ ಎಂದಳು. ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಗಡಿಯಾರ ನೋಡಿ ಗಂಟೆ ಹೇಳುವವರ ಧ್ವನಿ. ಆ ದೋಸೆಯನ್ನು ನಾನು ಉಪ್ಪಿನಕಾಯಿಯೊಡನೆ ತಿಂದೆ. ಅಂದಿನ ಕಾಫಿ ನನ್ನ ಗಂಟಲಲ್ಲಿ ಇಳಿಯುವುದು ಸ್ವಲ್ಪ ತಡವಾಯಿತು.

ಈಗ ಅವಳ ಕಾಲು ವಾಸಿಯಾಗಿದೆ. ಮನೆಯ ಸಂವಿಧಾನಕ್ಕೆ ಒಂದು ತಿದ್ದುಪಡಿ ಬಂದಿದೆ: ಭಾನುವಾರದ ದೋಸೆ ನನ್ನ ಪಾಲಿನದು. ಉಳಿದ ದಿನಗಳಲ್ಲಿ ಅವಳು ಹುಯ್ದರೆ, ಎರಡು ತಿಂದ ಕೂಡಲೇ ನಾನೆದ್ದು ಸೌಟು ಹಿಡಿಯತಕ್ಕದ್ದು, ಅವಳು ಕೂರತಕ್ಕದ್ದು. ನನ್ನ ದೋಸೆಗಳು ಇನ್ನೂ ದುಂಡಗಾಗಿಲ್ಲ. ಇಷ್ಟು ಮಾಡಿ ನಾನೇನೋ ಮಹಾತ್ಯಾಗ ಮಾಡಿದೆನೆಂದು ಹೇಳಿಕೊಳ್ಳಹೊರಟಿಲ್ಲ. ನಲವತ್ತೊಂದು ವರ್ಷದ ಬಾಕಿಯನ್ನು ವಾರಕ್ಕೊಂದರಂತೆ ತೀರಿಸುವ ಆಯುಸ್ಸು ನನಗಿಲ್ಲವೆಂಬುದೂ ಗೊತ್ತು. ಅಮ್ಮನ ಬಾಕಿಯಂತೂ ತೀರುವಂಥದಲ್ಲ.

ಹೋದ ಭಾನುವಾರ ಎಲ್ಲ ಮುಗಿಸಿ ಕೊನೆಯ ದೋಸೆಯನ್ನು ತಟ್ಟೆಗೆ ಹಾಕಿಕೊಂಡು ಬಂದೆ. ಊಟದ ಮೇಜಿನ ಮೇಲೆ ಮುಚ್ಚಿಟ್ಟ ಒಂದು ಪುಟ್ಟ ಬಟ್ಟಲಿತ್ತು. ತೆಗೆದು ನೋಡಿದರೆ ಎರಡು ಚಮಚದಷ್ಟು ಚಟ್ನಿ. ಅವಳು ಪತ್ರಿಕೆಯ ಧಾರಾವಾಹಿಯಲ್ಲಿ ಮುಳುಗಿದ್ದವಳು ತಲೆಯೆತ್ತದೆಯೇ, ‘ಮೊದಲೇ ತೆಗೆದಿಟ್ಟಿದ್ದೆ’ ಎಂದಳು. ನಲವತ್ತೊಂದು ವರ್ಷದಲ್ಲಿ ನನಗೆ ಈ ಬುದ್ಧಿ ಒಂದು ದಿನವೂ ಬಂದಿರಲಿಲ್ಲ.

ಬೀದಿಯಲ್ಲಿ ಎದುರಾದವರನ್ನೆಲ್ಲ ‘ತಿಂಡಿ ಆಯಿತೇ?’ ಎಂದು ವಿಚಾರಿಸುವ ನಮ್ಮ ಸಂಪ್ರದಾಯ ದೊಡ್ಡದು. ಅದು ಹಾಗೆಯೇ ನಡೆಯಲಿ. ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವ ಮುನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಯನ್ನು ಒಂದು ಸಲ ಕೇಳಿ ನೋಡಿ. ಉತ್ತರ ಬರುವವರೆಗೆ ಒಂದು ಕ್ಷಣ ನಿಲ್ಲಿ.