ಕುದುರೆ ಮಸಾಲೆ: ಚೀಲದ ಮೇಲೆ ತಳಿಯ ಹೆಸರಿದ್ದರೆ ಸಾಲದು



ಭತ್ತದ ಬೀಜ ಕೊಳ್ಳುವಾಗ ತಳಿ ಯಾವುದೆಂದು ನೀವು ಕೇಳುತ್ತೀರಿ. ರಾಗಿಗೂ ಕೇಳುತ್ತೀರಿ. ಮುಸುಕಿನ ಜೋಳವಾದರೆ ಚೀಲ ತಿರುಗಿಸಿ ಚೀಟಿಯನ್ನೂ ನೋಡುತ್ತೀರಿ. ಹಸುವಿನ ಮೇವಿಗೆಂದು ಕುದುರೆ ಮಸಾಲೆ ಬೀಜ ಕೊಳ್ಳುವಾಗ ಮಾತ್ರ "ಎರಡು ಕಿಲೋ ಕೊಡಿ" ಎಂದು ಹೇಳಿ, ಅಂಗಡಿಯವರು ತೂಗಿ ಕೊಟ್ಟದ್ದನ್ನು ಕಟ್ಟಿಸಿಕೊಂಡು ಬರುವವರೇ ಹೆಚ್ಚು. ಮೇವು ತಾನೇ, ದನ ತಿಂದರೆ ಸಾಕು ಎಂಬ ಭಾವನೆ ಇದಕ್ಕೆ ಕಾರಣ. ಈ ಉದಾಸೀನ ಎಷ್ಟು ದುಬಾರಿಯಾದದ್ದು ಎಂಬುದನ್ನು ಈ ವಾರ ವಿಚಾರ ಮಾಡೋಣ.

ರಾಗಿಯ ಬೀಜ ಕೆಟ್ಟದ್ದಾದರೆ ಒಂದು ಹಂಗಾಮು ನಷ್ಟ. ಕುದುರೆ ಮಸಾಲೆಯ ಮಾತು ಹಾಗಲ್ಲ. ಲೂಸರ್ನ್ ಎಂದೂ ಕರೆಯುವ ಈ ಬೆಳೆಯನ್ನು ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ನೆಲದಲ್ಲಿರುತ್ತದೆ. ಬಿತ್ತಿದ 55-60 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 25-30 ದಿನಕ್ಕೊಮ್ಮೆ ಕೊಯ್ಲು. ಒಣ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಸಸಾರಜನಕವುಳ್ಳ ಈ ಸೊಪ್ಪು ಹಿಂಡಿಯ ಖರ್ಚನ್ನು ಇಳಿಸುತ್ತದೆ. ಆದರೆ ಒಂದು ವರ್ಷಕ್ಕೇ ಮುಗಿಯುವ ಬಗೆಗಳೂ ಇದರಲ್ಲಿವೆ. ಬೀಜ ನೋಡಿದರೆ ಬಹುವಾರ್ಷಿಕ ಯಾವುದು, ವಾರ್ಷಿಕ ಯಾವುದು ಎಂದು ಹೇಳಲಾಗದು. ಎರಡೂ ಹಳದಿ ಮಿಶ್ರಿತ ಕಂದು ಬಣ್ಣದ ಸಣ್ಣ ಕಾಳುಗಳೇ. ನಾಲ್ಕು ವರ್ಷದ ಲೆಕ್ಕ ಹಾಕಿ ಉತ್ತು, ಗೊಬ್ಬರ ಹಾಕಿ, ಪಾತಿ ಕಟ್ಟಿದವನಿಗೆ ಎರಡನೆಯ ವರ್ಷ ಬರಿ ನೆಲ ಕಂಡರೆ, ಆ ನಷ್ಟ ತುಂಬಿಕೊಡುವವರು ಯಾರು?

ಈ ಬೆಳೆಯ ಸ್ವಭಾವವೇ ಬೇರೆ. ಭತ್ತದ ಹೂವಿನಲ್ಲಿ ತನ್ನ ಪರಾಗವೇ ತನಗೆ ತಾಗಿ ಕಾಳುಕಟ್ಟುತ್ತದೆ. ಆದ್ದರಿಂದ ಭತ್ತದ ತಳಿಯಲ್ಲಿ ಗಿಡವೆಲ್ಲ ಒಂದೇ ಅಚ್ಚು. ಕುದುರೆ ಮಸಾಲೆಯ ಹೂವಿನಲ್ಲಿ ಕೇಸರದ ದಂಡು ಕೆಳಗಿನ ಎಸಳುಗಳೊಳಗೆ ಬಿಗಿದ ಸ್ಪ್ರಿಂಗಿನಂತೆ ಕುಳಿತಿರುತ್ತದೆ. ದುಂಬಿ ಬಂದು ಅದನ್ನು ಒತ್ತಿದಾಗ ಚಿಮ್ಮಿ ಹೊರಬಂದು ದುಂಬಿಯ ಮೈಗೆ ಪರಾಗ ಹಚ್ಚುತ್ತದೆ. ಆ ದುಂಬಿ ಇನ್ನೊಂದು ಗಿಡಕ್ಕೆ ಹೋಗಿ ಅಲ್ಲಿ ಪರಾಗ ಮುಟ್ಟಿಸುತ್ತದೆ. ಹೀಗೆ ಬಹುಪಾಲು ಬೀಜಕ್ಕೆ ತಾಯಿ ಒಂದು ಗಿಡ, ತಂದೆ ಇನ್ನೊಂದು. ಒಂದೇ ಪಾತಿಯ ಎರಡು ಗಿಡಗಳು ಅಣ್ಣತಮ್ಮಂದಿರಂತೆ ಹೋಲುತ್ತವೆಯೇ ಹೊರತು ಒಂದೇ ಆಗಿರುವುದಿಲ್ಲ. ಇದರಲ್ಲಿ ತಳಿ ಎಂದರೆ ಒಂದು ಮನೆತನ. ತಳಿ ವಿಜ್ಞಾನಿಗಳು ಸಾವಿರಾರು ಗಿಡಗಳಲ್ಲಿ ರೋಗ ತಡೆಯುವ, ಕೊಯ್ದಂತೆಲ್ಲ ಬೇಗ ಚಿಗುರುವ, ಬಹುಕಾಲ ಬದುಕುವ ಗಿಡಗಳನ್ನು ಆರಿಸಿ, ಅವು ತಮ್ಮೊಳಗೆ ಮಾತ್ರ ಬೆರೆಯುವಂತೆ ಬೇರ್ಪಡಿಸಿ ಬೆಳೆದು ತಳಿ ಕಟ್ಟುತ್ತಾರೆ. ಮನೆತನಕ್ಕೆ ಹೊರಗಿನ ಪರಾಗ ಸೇರುತ್ತಾ ಹೋದರೆ ನಾಲ್ಕಾರು ತಲೆಮಾರಿನಲ್ಲಿ ಹೆಸರು ಉಳಿಯುತ್ತದೆ, ಗುಣ ಉಳಿಯುವುದಿಲ್ಲ.

ಇದಕ್ಕೆ ಅಮೆರಿಕದ ಒಬ್ಬ ರೈತನ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. ವೆಂಡೆಲಿನ್ ಗ್ರಿಮ್ ಎಂಬಾತ 1857ರಲ್ಲಿ ಜರ್ಮನಿಯ ಬಾಡೆನ್ ಪ್ರಾಂತದಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋದ. ಹೋಗುವಾಗ ಹತ್ತು ಕಿಲೋಗೂ ಕಡಿಮೆ ಬೀಜವನ್ನು ಗಂಟು ಕಟ್ಟಿಕೊಂಡಿದ್ದ. ಅಲ್ಲಿ ಅಲ್ಫಾಲ್ಫಾ ಎಂದು ಹೆಸರಾದ ಇದೇ ಬೆಳೆಯ ಬೀಜ ಅದು. ಮಿನೆಸೋಟಾದ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಬಿತ್ತಿದ್ದರಲ್ಲಿ ಬಹುಪಾಲು ಸತ್ತಿತು. ಗ್ರಿಮ್ ಬೇಸಾಯ ಬಿಡಲಿಲ್ಲ. ಬದುಕಿ ಉಳಿದ ಗಿಡಗಳ ಬೀಜವನ್ನೇ ಕೂಡಿಟ್ಟು ಮತ್ತೆ ಬಿತ್ತಿದ. ವರ್ಷ ವರ್ಷವೂ ಚಳಿ ದುರ್ಬಲ ಗಿಡಗಳನ್ನು ಕೊಂದಿತು, ಗಟ್ಟಿ ಗಿಡಗಳನ್ನು ಆತ ಉಳಿಸಿಕೊಂಡ. ನೆರೆಹೊರೆಯವರ ಮೇವು ಚಳಿಗೆ ಸತ್ತ ವರ್ಷಗಳಲ್ಲೂ ಆತನ ಹೊಲ ಹಸಿರಾಯಿತು. ಗ್ರಿಮ್ 1890ರಲ್ಲಿ ತೀರಿಕೊಂಡ. ವಿಜ್ಞಾನಿಗಳು ಆ ಬೀಜದ ಬೆಲೆ ಅರಿತದ್ದು ಅದರ ನಂತರ. ಓದಿ ಪಂಡಿತನಾಗದ ರೈತನೊಬ್ಬ ತಾಳ್ಮೆಯಿಂದ ತಳಿಯೊಂದನ್ನು ಕಟ್ಟಿದ್ದ.

ಮುಂದೆ ನಡೆದದ್ದೇ ನಾವು ಗಮನಿಸಬೇಕಾದ ಸಂಗತಿ. ಗ್ರಿಮ್ ತಳಿಗೆ ಹೆಸರು ಬಂದ ಕೂಡಲೇ ಬೆಲೆಯೂ ಏರಿತು. ಬೆಲೆ ಏರಿದೊಡನೆ ಸಾಧಾರಣ ಬೀಜವೇ ಗ್ರಿಮ್ ಹೆಸರು ಹೊತ್ತು ಮಾರುಕಟ್ಟೆಗೆ ಬಂತು. ಕಾಳು ನೋಡಿ ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ. ಮೋಸ ಬಯಲಾಗುತ್ತಿದ್ದುದು ಚಳಿಗಾಲ ಕಳೆದ ಮೇಲೆ, ರೈತನ ಹೊಲದಲ್ಲಿ! ಪ್ರಾಮಾಣಿಕ ಬೀಜ ಬೆಳೆಗಾರರು ಆಗ ಸಂಘ ಕಟ್ಟಿಕೊಂಡರು. ಬೀಜ ಎಲ್ಲಿಂದ ಬಂತು, ಯಾವ ಹೊಲದಲ್ಲಿ ಬೆಳೆಯಿತು ಎಂಬ ದಾಖಲೆ ಇಟ್ಟು, ಹೊಲ ತಪಾಸಣೆ ಮಾಡಿಸಿ, ಚೀಲಕ್ಕೆ ಮೊಹರು ಹಾಕಿಸಿದರು. ಆ ದೇಶದಲ್ಲಿ ಈ ಬೆಳೆಯ ಬೀಜ ಪ್ರಮಾಣನ ಬೇರೂರಿದ್ದು ಹೀಗೆ. ಕಾಳಿನಲ್ಲಿ ಕಾಣದ ಗುಣಕ್ಕೆ ದಾಖಲೆಯೇ ಸಾಕ್ಷಿ ಎಂಬುದು ಅದರ ತಿರುಳು.

ಇನ್ನೂ ಒಂದು ಪಾಠ ಆಮೇಲೆ ದೊರೆಯಿತು. 1940ರ ದಶಕದಲ್ಲಿ ಬಾಡುವ ರೋಗ ತಡೆಯುವ ರೇಂಜರ್ ಎಂಬ ತಳಿ ಅಲ್ಲಿ ಬಂತು. ಚಳಿ ಪ್ರಾಂತಗಳಲ್ಲಿ ಬೀಜ ಚೆನ್ನಾಗಿ ಕಟ್ಟದ್ದರಿಂದ ಒಣ ಹವೆಯ ಕ್ಯಾಲಿಫೋರ್ನಿಯಾದಲ್ಲಿ ಬೀಜ ಬೆಳೆಸಿದರು. ಅಲ್ಲಿ ಚಳಿ ತಡೆಯದ ಗಿಡಗಳೂ ಸೊಂಪಾಗಿ ಬೆಳೆದು ಬೀಜ ಕೊಡಬಲ್ಲವು. ಹಾಗೆ ತಲೆಮಾರಿನ ಮೇಲೆ ತಲೆಮಾರು ಅಲ್ಲಿಯೇ ಬೆಳೆಸಿದರೆ ತಳಿಯ ಚಳಿ ತಡೆಯುವ ಗುಣ ಸಡಿಲವಾಗುತ್ತದೆಂದು ಕಂಡುಬಂತು. ಆದ್ದರಿಂದ ಮೂಲ ಬೀಜದಿಂದ ಎಷ್ಟು ತಲೆಮಾರು ಬೆಳೆಯಬಹುದು, ಒಂದು ಹೊಲದಲ್ಲಿ ಎಷ್ಟು ವರ್ಷ ಬೀಜ ತೆಗೆಯಬಹುದು ಎಂಬುದಕ್ಕೆ ಮಿತಿ ಹಾಕಿದರು.

ಈಗ ನಮ್ಮ ದೇಶಕ್ಕೆ ಬರೋಣ. ಗುಜರಾತಿನ ಆನಂದ್-2, ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದ ಆರ್.ಎಲ್.-88 ಮೊದಲಾದ ಹೆಸರುಗಳನ್ನು ನೀವು ಕೇಳಿದ್ದೀರಿ. ಹೊಸ ತಳಿಯನ್ನು ಅಖಿಲ ಭಾರತ ಮೇವಿನ ಬೆಳೆಗಳ ಸಮನ್ವಯ ಯೋಜನೆಯ ಕೇಂದ್ರಗಳಲ್ಲಿ ಹಲವು ವರ್ಷ ಪರೀಕ್ಷಿಸಿ, ಹಳೆಯ ತಳಿಗಿಂತ ಮೇಲೆಂದು ಕಂಡರೆ ಬಿಡುಗಡೆಗೆ ಆರಿಸುತ್ತಾರೆ. ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗೆ ಮಾತ್ರ 1966ರ ಬೀಜ ಕಾಯಿದೆಯಂತೆ ಪ್ರಮಾಣನ ಉಂಟು. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ ಚೀಟಿ, ಮೂಲ ಬೀಜದಿಂದ ಬೆಳೆದು ನಿಮ್ಮ ಕೈಸೇರುವ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಹಸಿರು ಚೀಟಿಯಿದ್ದರೆ ಅದು ಮಾರುವವರು ತಾವೇ ಕೊಟ್ಟ ಭರವಸೆ. ಪ್ರಮಾಣನ ಸಂಸ್ಥೆ ಹೊಲ ನೋಡಿ ಕೊಟ್ಟದ್ದಲ್ಲ. ಕುದುರೆ ಮಸಾಲೆಯ ಬೀಜದ ಹೊಲ ಬೇರೆ ತಳಿಯ ಹೊಲದಿಂದ ಮೂಲ ಬೀಜಕ್ಕಾದರೆ 400 ಮೀಟರ್, ಪ್ರಮಾಣಿತ ಬೀಜಕ್ಕಾದರೆ 100 ಮೀಟರ್ ದೂರವಿರಬೇಕೆಂಬ ನಿಯಮ ಏಕೆಂಬುದು, ದುಂಬಿಯ ಕೆಲಸ ತಿಳಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ತಳಿ ಬೆರಕೆಗಿಂತ ಘೋರವಾದ ಅಪಾಯ ಇನ್ನೊಂದಿದೆ. ಅದು ಕಸ್ಕ್ಯೂಟಾ ಎಂಬ ಕಳೆ. ಬೇರಿಲ್ಲದೆ, ಎಲೆಯಿಲ್ಲದೆ ಹಳದಿ ನೂಲಿನಂತೆ ಗಿಡದಿಂದ ಗಿಡಕ್ಕೆ ಹಬ್ಬಿ ರಸ ಹೀರುವ ಬಳ್ಳಿ ಇದು. ಇದರ ಬೀಜ ಕುದುರೆ ಮಸಾಲೆಯ ಕಾಳಿನೊಡನೆ ಬೆರೆತು ಬರುತ್ತದೆ. ಒಂದು ಲೆಕ್ಕ ಹಾಕಿ: ಎಕರೆಗೆ 10 ಕಿಲೋ ಬಿತ್ತುತ್ತೀರಿ. ಕಿಲೋಗೆ ಹತ್ತೇ ಕಸ್ಕ್ಯೂಟಾ ಕಾಳು ಸೇರಿದ್ದರೂ ನಿಮ್ಮ ಎಕರೆಯ 100 ಜಾಗಗಳಲ್ಲಿ ಅದನ್ನು ನೀವೇ ಕೈಯಾರೆ ಬಿತ್ತಿದಂತಾಯಿತು. ಅದು ಹೂಬಿಟ್ಟು ಬೀಜ ಉದುರಿಸಿದರೆ ಹತ್ತಾರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿರುತ್ತದೆ. ಸಾಧಾರಣ ಜರಡಿಗೆ ಇದು ಸಿಗದು. ಕುದುರೆ ಮಸಾಲೆಯ ಕಾಳು ನುಣುಪು, ಕಸ್ಕ್ಯೂಟಾದ್ದು ಒರಟು. ಆದ್ದರಿಂದ ಮಖಮಲ್ಲು ಸುತ್ತಿದ ಉರುಳೆಗಳ ಮೇಲೆ ಹಾಯಿಸಿಯೋ, ಕಬ್ಬಿಣದ ಪುಡಿ ಹಚ್ಚಿ ಅಯಸ್ಕಾಂತದಿಂದ ಸೆಳೆದೋ ಅದನ್ನು ಬೇರ್ಪಡಿಸುವ ಯಂತ್ರಗಳಿವೆ. ಅಂಗಡಿಯ ತಕ್ಕಡಿಯಲ್ಲಿ ತೂಗುವ ಬಿಡಿ ಬೀಜಕ್ಕೆ ಈ ಸಂಸ್ಕಾರ ಆಗಿದೆಯೋ ಇಲ್ಲವೋ, ಹೇಳುವವರಾರು?

"ಚೀಟಿ ಕೇಳಿ ಎನ್ನುತ್ತೀರಿ, ಚೀಟಿಯ ಬೀಜ ಸಿಗಬೇಕಲ್ಲ!" ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮೇವಿನ ಬೀಜದ ಕೊರತೆ ಬಹುಕಾಲದ್ದು. ತಿಂಗಳಿಗೊಮ್ಮೆ ಕೊಯ್ದು ಹಸುವಿಗೆ ಹಾಕುವ ಸೊಪ್ಪನ್ನು ಬೀಜಕ್ಕೆಂದು ಮೂರು ತಿಂಗಳು ಬಿಡಲು ರೈತ ಹಿಂಜರಿಯುವುದು ಸಹಜ. ಇನ್ನೊಂದು ಕಾರಣವೂ ಉಂಟು. ತಳಿವರ್ಧಕ ಬೀಜವನ್ನು ಬೇಡಿಕೆಯ ಪಟ್ಟಿ ನೋಡಿ ಮುಂಚಿತವಾಗಿ ಬೆಳೆಯುತ್ತಾರೆ. ಬೇಡಿಕೆಯೇ ಹೋಗದಿದ್ದರೆ ಬೀಜ ಹುಟ್ಟುವುದೆಲ್ಲಿಂದ? ಭತ್ತ ರಾಗಿಗಳಿಗೆ ತೋರುವ ಆಸ್ಥೆಯನ್ನು ಕೃಷಿ, ಪಶುಸಂಗೋಪನೆ ಇಲಾಖೆಗಳೂ ಹಾಲು ಒಕ್ಕೂಟಗಳೂ ಮೇವಿನ ಬೀಜಕ್ಕೆ ತೋರಬೇಕು. ಹೈನುಗಾರಿಕೆ ಬೆಳೆಯಲಿ ಎಂದು ಭಾಷಣ ಮಾಡಿ, ಮೇವಿನ ಬೀಜವನ್ನು ಸಂತೆಯ ತಕ್ಕಡಿಗೆ ಬಿಡುವುದು ನ್ಯಾಯವಲ್ಲ.

ನಿಮ್ಮ ಪಾಲಿನ ಕೆಲಸವೂ ಇದೆ. ನಿಮ್ಮೂರ ಹಾಲು ಸಂಘದ ಸಭೆಯಲ್ಲಿ ಯಾರಿಗೆ ಎಷ್ಟು ಬೀಜ ಬೇಕೆಂದು ಪಟ್ಟಿ ಮಾಡಿ, ಮುಂದಿನ ವರ್ಷಕ್ಕೆ ಪ್ರಮಾಣಿತ ಬೀಜವೇ ಬೇಕೆಂದು ಠರಾವು ಬರೆದು ಒಕ್ಕೂಟಕ್ಕೆ ಕಳಿಸಿ. ಒಬ್ಬನ ಮಾತು ಗಾಳಿಗೆ ಹೋದೀತು, ಸಂಘದ ಠರಾವು ಕಡತ ಸೇರುತ್ತದೆ. ಬೀಜ ಕೊಂಡಾಗ ಚೀಟಿಯ ಬಣ್ಣ, ತಳಿಯ ಹೆಸರು, ಪರೀಕ್ಷೆಯ ತಾರೀಖು, ಅವಧಿ ನೋಡಿ. ಕಾಳು ಕಪ್ಪಿಟ್ಟ ಕಂದಾಗಿದ್ದರೆ ಹಳೆಯದೆಂದು ಶಂಕಿಸಿ. ರಸೀದಿ, ಚೀಟಿ, ಒಂದು ಹಿಡಿ ಬೀಜ, ಈ ಮೂರನ್ನೂ ಕಾದಿಡಿ. ನಾಳೆ ದೂರು ಕೊಡಬೇಕಾದರೆ ಇವೇ ನಿಮ್ಮ ಆಧಾರ.

ಒಳ್ಳೆಯ ತಳಿ ಒಮ್ಮೆ ಸಿಕ್ಕಿತೆಂದರೆ ಕೆಲವು ಗುಂಟೆಯನ್ನು ಬೀಜಕ್ಕೆ ಬಿಡಲು ಅಡ್ಡಿಯಿಲ್ಲ. ಚಳಿಗಾಲ ಕಳೆಯುವವರೆಗೆ ಮೇವು ಕೊಯ್ದು, ಆಮೇಲೆ ಕೊಯ್ಯದೆ ಬಿಡಿ. ಹೂ ಬಂದಾಗ ನೀರು ಮಿತವಾಗಿರಲಿ. ಹೆಚ್ಚಾದರೆ ಸೊಪ್ಪು ಬೆಳೆದೀತು, ಬೀಜ ಕಟ್ಟದು. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು. ಜೇನು ಹಾಗೂ ಎಲೆ ಕತ್ತರಿಸುವ ಒಂಟಿ ದುಂಬಿಗಳು ಸತ್ತರೆ ಕಾಯಿಯೇ ಇಲ್ಲ. ಹಳದಿ ಬಳ್ಳಿ ಕಂಡರೆ ಅದು ಹೂಬಿಡುವ ಮುನ್ನ ಆಸರೆ ಗಿಡದ ಸಮೇತ ಕಿತ್ತು ಸುಡಿ. ಸುರುಳಿ ಕಾಯಿಗಳಲ್ಲಿ ಮುಕ್ಕಾಲು ಪಾಲು ಕಂದಾದಾಗ ಕೊಯ್ದು ಒಣಗಿಸಿ ಬಡಿಯಿರಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ನಿಮಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡು ಹಾಕಿ ಮಾರುವುದು ಮಾತ್ರ ಸಲ್ಲದು. ಆದರೆ ಮನೆಯ ಬೀಜದಿಂದ ಮತ್ತೆ ಮತ್ತೆ ಮನೆಯ ಬೀಜ ತೆಗೆಯುತ್ತಾ ಹೋಗದೆ, ಆಗಾಗ ಪ್ರಮಾಣಿತ ಬೀಜ ತಂದು ಹೊಸದಾಗಿ ಆರಂಭಿಸುವುದು ಲೇಸು.

ಗ್ರಿಮ್‌ನ ಹೊಲದಲ್ಲಿ ಸರಿಯಾದ ಗಿಡವನ್ನು ಆರಿಸಿಕೊಟ್ಟದ್ದು ಚಳಿ. ನಮ್ಮ ನಾಡಿನಲ್ಲಿ ಅಂಥ ಪರೀಕ್ಷಕನಿಲ್ಲ. ಬಿತ್ತಿದ್ದೆಲ್ಲ ಮೊದಲ ಕೊಯ್ಲಿಗೆ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ಪರೀಕ್ಷೆ ಬಿತ್ತುವ ಮೊದಲೇ ನಡೆಯಬೇಕು. ಈ ಸಲ ಬೀಜದಂಗಡಿಗೆ ಹೋದಾಗ ಬೆಲೆ ಕೇಳುವ ಮುನ್ನ ಚೀಟಿ ಕೇಳಿರಿ.