ಮೋಲ್ಡ್ ಹಾಕಿಸೋರು ಚದರದ ರೇಟ್ ಬಿಟ್ಟು ನೀರಿನ ಲೆಕ್ಕ ಕೇಳಿ

ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಮಳೆಗಾಲ ಹಿಡಿಯೋದ್ರೊಳಗೆ ಮೋಲ್ಡ್ ಹಾಕಿಸಿಬಿಡಬೇಕು ಅನ್ನೋ ಅವಸರ ನಮ್ಮ ತಿಪಟೂರು, ಅರಸೀಕೆರೆ ಕಡೆ ಪ್ರತಿ ಬೇಸಿಗೆಯಲ್ಲೂ ಇರೋದೇ. ಈ ತಿಂಗಳು ನಮ್ಮ ಸುತ್ತಮುತ್ತಲೇ ಐದಾರು ಮನೆ ಎದ್ದಿವೆ. ಡೇರಿ ಹತ್ರ ನಿಂತ್ರೆ ಒಂದೇ ಮಾತು: "ನಿಮ್ಮ ಮೇಸ್ತ್ರಿ ಚದರಕ್ಕೆ ಎಷ್ಟು ತಗೊಂಡ?" ಒಬ್ಬರು ಒಂದು ರೇಟ್ ಹೇಳಿದ್ರೆ ಪಕ್ಕದವರು ಅದಕ್ಕಿಂತ ಕಮ್ಮಿಗೆ ಮಾತಾಡಿದ್ದೀನಿ ಅಂತ ಎದೆ ಉಬ್ಬಿಸ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮನೆ ಕೆಲಸ ಊರ ಕಡೆ ಮೇಸ್ತ್ರಿಗೇ ಕೊಡಿ, ಲೇಬರ್ ಕಾಂಟ್ರಾಕ್ಟ್ ಕೊಡಿ, ಸಾಮಾನು ನೀವೇ ತನ್ನಿ. ಆದ್ರೆ ರೇಟಲ್ಲಿ ಅವನನ್ನ ಹಿಂಡಬೇಡಿ. ಹಿಂಡೋದಾದ್ರೆ ನೀರಿನ ವಿಷಯಕ್ಕೆ ಹಿಂಡಿ. ಕಲಸುವಾಗ ಹಾಕೋ ನೀರು, ಹಾಕಿದ ಮೇಲೆ ನಿಲ್ಲಿಸೋ ನೀರು, ಇವೆರಡೂ ನಿಮ್ಮ ಕೈಯಲ್ಲಿರಲಿ.

ಟೌನಿಂದ ಬರೋ ಪ್ಯಾಕೇಜ್ ಕಾಂಟ್ರಾಕ್ಟರುಗಳು ಸಾಮಾನೂ ಸೇರಿಸಿ ಚದರ ಅಡಿಗೆ ಇಷ್ಟು ಅಂತ ಹೇಳ್ತಾರೆ, ಕಲರ್ ಕಲರ್ ಪಟ್ಟಿ ಕೊಡ್ತಾರೆ. ಕೆಲಸಕ್ಕೆ ಬರೋರು ಹೆಚ್ಚಿನ ಸಲ ಅದೇ ನಮ್ಮ ಕಡೆ ಗಾರೆಯವರು, ಅದೇ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಜನ. ನಡುವೆ ಒಬ್ಬ ಜಾಸ್ತಿ ನಿಂತಿರ್ತಾನೆ, ಅಷ್ಟೇ. ನಾಳೆ ಸಜ್ಜಾ ಸೋರಿದ್ರೆ ಆ ಫೋನು ಎತ್ತೋರು ಯಾರು? ಊರ ಮೇಸ್ತ್ರಿ ಹಾಗಲ್ಲ, ಮದುವೆ ಮನೆಯಲ್ಲಿ ಸಿಗ್ತಾನೆ, ಜಾತ್ರೇಲಿ ಸಿಗ್ತಾನೆ. ಅವನ ಮುಂದಿನ ಕೆಲಸ ನಿಮ್ಮ ಮನೆ ನೋಡಿಯೇ ಬರಬೇಕು.

ಹಾಗಂತ ಊರ ಮೇಸ್ತ್ರಿ ಹೇಳಿದ್ದೆಲ್ಲಾ ವೇದ ಅಲ್ಲ. ನೀರಿನ ವಿಷಯದಲ್ಲಿ ಹತ್ತರಲ್ಲಿ ಎಂಟು ಜನ ತಪ್ಪು ಮಾಡ್ತಾರೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ನಮ್ಮ ಕಡೆ ನೋಡಿರೋ ಮೋಲ್ಡುಗಳ ಮೇಲೆ.

ಮೋಲ್ಡ್ ದಿನ ಮಿಲ್ಲರ್ ಹತ್ರ ಹೋಗಿ ನಿಂತು ನೋಡಿ. ಜಲ್ಲಿ ಬಾಂಡ್ಲಿ ಎಣಿಸ್ತಾರೆ, ಎಂ ಸ್ಯಾಂಡ್ ಎಣಿಸ್ತಾರೆ, ಸಿಮೆಂಟ್ ಮೂಟೆ ಎಣಿಸ್ತಾರೆ. ನೀರಿಗೆ ಮಾತ್ರ ಒಬ್ಬ ಹುಡುಗ ಪೈಪ್ ಹಿಡ್ಕೊಂಡು ನಿಂತಿರ್ತಾನೆ, ಸಾಕು ಅನ್ನಿಸೋವರೆಗೂ ಬಿಡ್ತಾನೆ. ಮೇಲಿಂದ "ಗಟ್ಟಿ ಆಯ್ತು, ಇನ್ನೊಂಚೂರು ಬಿಡಪ್ಪ" ಅಂತ ಕೂಗು ಬಂದ್ರೆ ಇನ್ನೂ ಬಿಡ್ತಾನೆ. ಮನೆ ಮೋಲ್ಡಿಗೆ ಸಾಮಾನ್ಯವಾಗಿ ಹಾಕೋ ಎಂ20 ಕಾಂಕ್ರೀಟ್‌ಗೆ, ಅಂದ್ರೆ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ ಲೆಕ್ಕಕ್ಕೆ, ಐಎಸ್ 456 ಅನ್ನೋ ಸರ್ಕಾರಿ ಮಾನಕ ಹೇಳೋದು 50 ಕೆಜಿ ಮೂಟೆಗೆ ಹೆಚ್ಚೆಂದ್ರೆ 30 ಲೀಟರ್ ನೀರು. 20 ಲೀಟರ್ ಪೇಂಟ್ ಬಕೆಟ್ಟಲ್ಲಿ ಒಂದೂವರೆ ಬಕೆಟ್. ಮರಳು ಒದ್ದೆ ಇದ್ರೆ ಅದರಲ್ಲಿರೋ ನೀರೂ ಈ 30ರ ಒಳಗೇ ಬರಬೇಕು.

ಜಾಸ್ತಿ ಹಾಕಿದ್ರೆ ಏನಾಗುತ್ತೆ? ಸಿಮೆಂಟು ತನ್ನೊಳಗೆ ಸೇರಿಸ್ಕೊಳ್ಳೋದು ತನ್ನ ತೂಕದ ಕಾಲು ಭಾಗದಷ್ಟು ನೀರು ಮಾತ್ರ. ಮಿಕ್ಕಿದ್ದು ಕಲಸೋಕೆ, ಹರಡೋಕೆ ಅನುಕೂಲಕ್ಕೆ ಹಾಕೋದು. ಅದು ಆರಿ ಹೋದ ಮೇಲೆ ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತೆ. ಮಳೆ ನೀರು ಇಳಿಯೋದು ಅಲ್ಲೇ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಹತ್ತು ಹದಿನೈದು ವರ್ಷಕ್ಕೆ ಕೆಳಗಿಂದ ಚಕ್ಕೆ ಚಕ್ಕೆಯಾಗಿ ಉದುರೋದಕ್ಕೂ ದಾರಿ ಅದೇ.

ಇಲ್ಲಿ ಮೇಸ್ತ್ರಿಯನ್ನೊಬ್ಬನನ್ನೇ ಬೈದ್ರೆ ಪ್ರಯೋಜನ ಇಲ್ಲ. ಮೋಲ್ಡ್ ಹಾಕೋ ಗ್ಯಾಂಗು ಇಡೀ ಕೆಲಸಕ್ಕೆ ಇಷ್ಟು ಅಂತ ಗುತ್ತಿಗೆ ಮಾತಾಡಿ ಬಂದಿರುತ್ತೆ. ಎಷ್ಟು ಬೇಗ ಮುಗಿದ್ರೆ ಅವರಿಗೆ ಅಷ್ಟು ಲಾಭ. ಗಟ್ಟಿ ಕಾಂಕ್ರೀಟು ಹೊರೋಕೆ ಭಾರ, ಎಳೆಯೋಕೆ ಕಷ್ಟ, ನೀರಾದ್ರೆ ತಾನೇ ಹರಿಯುತ್ತೆ. ನಾವು ರೇಟನ್ನ ಕೆಳಕ್ಕೆ ಎಳೆದಷ್ಟೂ ಅವರು ಪೈಪ್ ಜಾಸ್ತಿ ಬಿಡ್ತಾರೆ. ಚೌಕಾಸಿಯಲ್ಲಿ ಉಳಿಸಿದ ದುಡ್ಡು ಆ ಪೈಪಲ್ಲಿ ಹರಿದು ಹೋಗುತ್ತೆ. ಅದಕ್ಕೇ ನಾನು ಹೇಳೋದು, ಎರಡು ಆಳಿನ ಕೂಲಿ ಜಾಸ್ತಿ ಕೊಟ್ಟು, ವೈಬ್ರೇಟರ್ ಬಾಡಿಗೆ ನೀವೇ ಕೊಟ್ಟು, "ನೀರು ಮಾತ್ರ ನಮ್ಮ ಬಕೆಟ್ಟಲ್ಲಿ" ಅಂತ ಮೊದಲೇ ಮಾತಾಡ್ಕೊಳ್ಳಿ. ವೈಬ್ರೇಟರ್ ಸರಿಯಾಗಿ ಹಿಡಿದ್ರೆ ಗಟ್ಟಿ ಕಾಂಕ್ರೀಟೂ ಮೂಲೆ ಮೂಲೆಗೆ ಹೋಗುತ್ತೆ. ಎರಡು ವೈಬ್ರೇಟರ್ ತರಿಸಿ, ಒಂದು ಮಧ್ಯಾಹ್ನ ಕೈ ಕೊಡೋದು ಗ್ಯಾರಂಟಿ.

ಇನ್ನು ಹಾಕಿದ ಮೇಲಿನ ನೀರು. ಕ್ಯೂರಿಂಗ್ ಅನ್ನೋದು ಯಾರ ಕೆಲಸವೂ ಅಲ್ಲ. ಮೇಸ್ತ್ರಿ ಮನೆಯವರ ಕೆಲಸ ಅಂದ್ಕೊಂಡಿರ್ತಾನೆ, ಮನೆಯವರು ಮೇಸ್ತ್ರಿ ಹುಡುಗ ಬಿಡ್ತಾನೆ ಅಂದ್ಕೊಂಡಿರ್ತಾರೆ. ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೈಪಲ್ಲಿ ಚಿಮುಕಿಸಿದ್ರೆ ಅದು ಕ್ಯೂರಿಂಗ್ ಅಲ್ಲ, ಧೂಳು ಆರಿಸಿದ ಹಾಗೆ. ಈಗ ಅಂಗಡಿಯಲ್ಲಿ ಸಿಗೋ ಮೂಟೆ ಬಹುಪಾಲು ಪಿಪಿಸಿ. ಅದು ನಿಧಾನಕ್ಕೆ ಬಲ ಹಿಡಿಯೋದು. ಮಾನಕದ ಪ್ರಕಾರ ಅದಕ್ಕೆ ಕಮ್ಮಿ ಅಂದ್ರೂ 10 ದಿನ ಒದ್ದೆಯಾಗೇ ಇಡಬೇಕು, 14 ದಿನ ಆದ್ರೆ ಒಳ್ಳೇದು. ತೆಂಗಿನ ಗಿಡಕ್ಕೆ ಪಾತಿ ಕಟ್ಟೋ ನಮಗೆ ಮೋಲ್ಡ್ ಮೇಲೆ ಪಾತಿ ಕಟ್ಟೋದು ಬೇರೆಯವರು ಹೇಳಿಕೊಡಬೇಕಾ? ಮಾರನೇ ದಿನ ಬೆಳಿಗ್ಗೆಯೇ ಚೌಕ ಚೌಕವಾಗಿ ಬದು ಕಟ್ಟಿ ಎರಡಿಂಚು ನೀರು ನಿಲ್ಲಿಸಿ. ಹಾಕಿದ ದಿನ ಗಾಳಿ ಬಿಸಿಲು ಜೋರಿದ್ರೆ ಸಂಜೆಗೇ ಕೂದಲೆಳೆ ಬಿರುಕು ಬರುತ್ತೆ, ಮೇಲ್ಮೈ ಬಿಗಿಯಾಗ್ತಿದ್ದ ಹಾಗೇ ಒದ್ದೆ ಗೋಣಿಚೀಲವೋ ಪ್ಲಾಸ್ಟಿಕ್ಕೋ ಹೊದಿಸಿ.

ಕಂಬದ ಕಥೆ ಇನ್ನೂ ಕೆಟ್ಟದು. ಮೇಲೆ ಕೆರೆ ಥರ ನೀರು ನಿಲ್ಲಿಸಿರ್ತಾರೆ, ಕಂಬ ಮಾತ್ರ ಬೆಳ್ಳಗೆ ಒಣಗಿ ನಿಂತಿರುತ್ತೆ. ಇಡೀ ಮನೆ ಹೊತ್ತಿರೋದು ಅದೇ ತಾನೇ? ಗೋಣಿಚೀಲ ಸುತ್ತಿ ಕಟ್ಟಿ, ದಿನಕ್ಕೆ ಮೂರ್ನಾಲ್ಕು ಸಲ ನೆನೆಸಿ. ತ್ರೀ ಫೇಸ್ ಕರೆಂಟು ರಾತ್ರಿ ಬಂದು ರಾತ್ರಿಯೇ ಹೋಗೋ ಕಡೆ, ಮೋಲ್ಡಿಗೆ ಮುಂಚೆಯೇ ಒಂದು ಸಿಂಟೆಕ್ಸೋ ಸಂಪೋ ತುಂಬಿಸಿಟ್ಟುಕೊಳ್ಳಿ. ಬೋರು ಬತ್ತೋ ಕಾಲದಲ್ಲಿ ಮೋಲ್ಡ್ ದಿನ ಗೊತ್ತು ಮಾಡೋಕೆ ಮುಂಚೆ ಪಂಚಾಂಗದ ಜೊತೆ ಬೋರನ್ನೂ ನೋಡಿ.

ಸೆಂಟ್ರಿಂಗ್ ಬಿಚ್ಚೋದೂ ಜಗಳದ ವಿಷಯವೇ. ಸೆಂಟ್ರಿಂಗಿನವನಿಗೆ ಶೀಟು ಇನ್ನೊಂದು ಮನೆಗೆ ಬೇಕು, ಎಂಟನೇ ದಿನಕ್ಕೇ ಆಟೋ ತಂದು ನಿಲ್ಲಿಸ್ತಾನೆ. ಮಾನಕದಲ್ಲಿ ಸ್ಲ್ಯಾಬಿನ ಕೆಳಗಿನ ಆಸರೆ ನಾಲ್ಕೂವರೆ ಮೀಟರ್, ಅಂದ್ರೆ ಸುಮಾರು 15 ಅಡಿ ಅಗಲದವರೆಗೆ 7 ದಿನ, ಅದಕ್ಕಿಂತ ಜಾಸ್ತಿ ಇದ್ರೆ 14 ದಿನ. ಬೀಮಿನ ಕೆಳಗೆ 6 ಮೀಟರ್‌ವರೆಗೆ 14, ಮೇಲಾದ್ರೆ 21 ದಿನ. ಅದೂ ಮಾಮೂಲಿ ಓಪಿಸಿ ಸಿಮೆಂಟಿನ ಲೆಕ್ಕ. ಪಿಪಿಸಿಗೆ ಇನ್ನೂ ಜಾಸ್ತಿ ಬಿಡಬೇಕು. ಎಷ್ಟು ದಿನ ಅಂತ ಎಂಜಿನಿಯರ್ ಕೈಯಲ್ಲಿ ಬರೆಸ್ಕೊಳ್ಳಿ, ಆ ಚೀಟಿ ತೋರಿಸಿದ್ರೆ ಮಾತು ಬೆಳೆಯೋದಿಲ್ಲ.

ಚೀಟಿ ಅಂದಾಗ ನೆನಪಾಯ್ತು. ನಮ್ಮವರು ಮೇಸ್ತ್ರಿ ಹತ್ರ ಏನನ್ನೂ ಬರೆಸ್ಕೊಳ್ಳೋದಿಲ್ಲ, ಬರೆಸ್ಕೊಂಡ್ರೆ ನಂಬಿಕೆ ಇಲ್ಲ ಅಂದ್ಹಾಗೆ ಆಗುತ್ತೆ ಅಂತ ಸಂಕೋಚ. ಆಮೇಲೆ ಚದರದ ಅಳತೆಗೆ ಪಂಚಾಯಿತಿ ಸೇರಿಸ್ತಾರೆ. ಅಳತೆ ಗೋಡೆಯ ಹೊರಗಿನ ಅಂಚಿಗೋ, ಮೋಲ್ಡಿನ ಅಂಚಿಗೋ? ಸಜ್ಜಾ ಸೇರುತ್ತಾ? ಮೆಟ್ಟಿಲು, ಸಂಪು, ಪ್ಯಾರಾಪೆಟ್ಟು ಚದರದೊಳಗೋ ಹೊರಗೋ? ಮಿಲ್ಲರ್ ಬಾಡಿಗೆ, ಡೀಸೆಲ್ ಯಾರದು? ಕ್ಯೂರಿಂಗ್ ಯಾರು ಮಾಡಬೇಕು? ಇಷ್ಟನ್ನ ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಪಾಯ, ಲಿಂಟಲ್, ಮೋಲ್ಡ್ ಅಂತ ಕೆಲಸದ ಹಂತಕ್ಕೆ ತಕ್ಕ ಹಾಗೆ ಕೊಡಿ. ಶನಿವಾರದ ಬಟವಾಡೆ ಮಾತ್ರ ತಡ ಮಾಡಬೇಡಿ, ಸೋಮವಾರ ಆಳು ಬರೋದು ಅದರ ಮೇಲೆ. ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದೆಯಾ ಅಂತಲೂ ಒಂದು ಮಾತು ಕೇಳಿ. ಸಾರ್ವೆ ಮೇಲಿಂದ ಯಾರಾದ್ರೂ ಬಿದ್ರೆ ಆ ಕುಟುಂಬಕ್ಕೆ ಒಂದು ಆಸರೆ ಅದು.

ಇನ್ನೊಂದು ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ್ದು. ಮನೆ ಸ್ಲ್ಯಾಬಿನ ಲೆಕ್ಕ ಜನ ಓಡಾಡೋಕೆ, ಮಂಚ ಬೀರು ಇಡೋಕೆ ಹಾಕೋದು, ಚದರ ಮೀಟರಿಗೆ ಸುಮಾರು 200 ಕೆಜಿ. ನಾವೋ ಅಟ್ಟದ ಅಭ್ಯಾಸದಲ್ಲಿ ಮೇಲಿನ ರೂಮಿಗೆ ತಿಂಗಳುಗಟ್ಟಲೆ ತೆಂಗಿನಕಾಯಿ ತುಂಬಿಸ್ತೀವಿ, ರಾಗಿ ಮೂಟೆ ಒಂದರ ಮೇಲೊಂದು ಅಟ್ಟಿ ಹಾಕ್ತೀವಿ. ಯಾವ ರೂಮಲ್ಲಿ ಕಾಯಿ ಹಾಕ್ತೀರಿ ಅಂತ ಕಬ್ಬಿಣ ಕಟ್ಟೋಕೆ ಮುಂಚೆ ಎಂಜಿನಿಯರ್‌ಗೆ ಹೇಳಿ. ಕೇಳದೆ ಅವರು ಆ ಲೆಕ್ಕ ಹಾಕೋದಿಲ್ಲ, ಮೇಸ್ತ್ರಿ "ಏನೂ ಆಗಲ್ಲ ಗೌಡ್ರೆ" ಅಂತಾನೆ.

ನನ್ನ ಹತ್ರ ಲೀಟರ್ ಲೀಟರಿಗೂ ಗೆರೆ ಎಳೆದಿರೋ ಎರಡು ಬಕೆಟ್ ಇವೆ. ಈ ಬೇಸಿಗೆ ಮೋಲ್ಡ್ ಇರೋರು ಹಿಂದಿನ ದಿನ ಬಂದು ತಗೊಂಡು ಹೋಗಿ. ತೊಳೆದು ವಾಪಸ್ ಕೊಡಿ, ಹೋದ ವರ್ಷ ಒಂದರಲ್ಲಿ ಕಾಂಕ್ರೀಟು ಹಿಡಿದು ಹೋಗಿತ್ತು.