ಕೋಟಾ ಎಂಬ ಹಣೆಪಟ್ಟಿ
ಬಬಲೇಶ್ವರದ ನಾನು, ತಿಕೋಟಾದ ಗೆಳೆಯ ಇಬ್ಬರೂ ವಿಜಯಪುರದಲ್ಲಿ ಬಿಇ ಓದುತ್ತಿದ್ದೇವೆ. ಅವನಿಗೆ ಎಷ್ಟೇ ಅಂಕ ಬಂದರೂ ‘ನಿಂದೇನಪಾ, ಕೋಟಾ ಸೀಟು’ ಎನ್ನುವವರಿದ್ದಾರೆ. ತೆಂಬಾ ಬವುಮಾ ಕೇಳಿದ್ದೂ ಇದೇ ಮಾತು. 2025ರಲ್ಲಿ ಲಾರ್ಡ್ಸ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಟೆಸ್ಟ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ನಾಯಕ ಅವರೇ.

ಕೋಟಾದಿಂದ ಆಟಗಾರರಿಗೆ ನೋವಾಗುವುದಿಲ್ಲ ಎನ್ನಲಾರೆ. 2015ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕೈಲ್ ಅಬಾಟ್ ಬದಲು ಫಿಲಾಂಡರ್ ಆಡಿದರು. ಒಬ್ಬರಿಗೆ ಸ್ಥಾನ ತಪ್ಪಿತು, ಇನ್ನೊಬ್ಬರಿಗೆ ಹಣೆಪಟ್ಟಿ ಅಂಟಿತು.

ಆದರೆ ಕೋಟಾ ಇಲ್ಲದ ಕಾಲ ಹೇಗಿತ್ತು? ಧಾರವಾಡದಲ್ಲಿ ಹುಟ್ಟಿದ ದಲಿತ ಸ್ಪಿನ್ನರ್ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕನ ಪಟ್ಟ ಮಾತ್ರ ಸಿಗಲಿಲ್ಲ. ಪುಣೆಯಲ್ಲಿ ಅವರಿಗೆ ಚಹಾ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

ಇದನ್ನು ಹೇಳಿದಾಗ ಗೆಳೆಯ ನಕ್ಕ, ‘ಸೋಮವಾರ ಇಂಟರ್ನಲ್ಸ್ ಐತಿ, ಓದು’ ಎಂದ.